ಹನ್ನೆರಡು ದಿನ ಬರೀ ಸಾಸಿವೆ

ಲ್ಯಾಬಿನಲ್ಲಿ ಹೆಣ್ಣಿಲಿಗಳ ಋತುಚಕ್ರ ನೋಡಿ ಬರೆದಿಡುವುದು ನನ್ನ ಕೆಲಸ. ಇಲಿಯ ಚಕ್ರ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಡ್ರಾಪರಿನಿಂದ ಒಂದು ಹನಿ ಸಲೈನ್ ಯೋನಿಗೆ ಬಿಟ್ಟು, ಅದನ್ನೇ ವಾಪಸ್ ಎಳೆದು, ಸ್ಲೈಡಿಗೆ ಹಾಕಿ ನೋಡಬೇಕು. ದಿನಾ ಒಂದೇ ಹೊತ್ತಿಗೆ. ಅದಕ್ಕೇ ಬದಿಯಡ್ಕದಿಂದ ಬೆಳಿಗ್ಗೆ ಬೇಗ ಬಸ್ಸು ಹಿಡಿಯುತ್ತೇನೆ.

ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಏರಿದ ದಿನ ನಡುವೆ ಚುಕ್ಕಿಯಿರುವ ದುಂಡು ಕೋಶಗಳು ಗೊಂಚಲಾಗಿ ಕಾಣುತ್ತವೆ. ಮರುದಿನ ಚಪ್ಪಟೆ ಚೂರುಗಳು, ಥೇಟ್ ಅವಲಕ್ಕಿ. ಆಮೇಲೆ ಎಲ್ಲ ಬೆರಕೆ. ಕೊನೆಗೆ ಬಿಳಿ ರಕ್ತಕಣಗಳು ಮಾತ್ರ, ಸಾಸಿವೆ ಚೆಲ್ಲಿದ ಹಾಗೆ.

ಕೆಲಸಕ್ಕೆ ಸೇರಿದ ಹೊಸತು. ಮೂರು ಇಲಿಗಳಲ್ಲಿ ದಿನಾ ಸಾಸಿವೆಯೇ ಕಂಡಿತು. ಅವು ಕಂಟ್ರೋಲ್ ಗುಂಪಿನವು, ರಾಸಾಯನಿಕ ಬೆರೆಸದ ಬರೀ ಎಣ್ಣೆ ಕೊಟ್ಟವು. ನನಗೆ ನಿದ್ದೆ ಬರಲಿಲ್ಲ. ಕಂಟ್ರೋಲ್ ಕೆಟ್ಟರೆ ಹೋಲಿಸಲು ಏನು ಉಳಿಯುತ್ತದೆ? ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರುತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಪಡ್ರೆ ಊರಿನ ಹುಡುಗರಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಕಡಿಮೆ, ಪ್ರಾಯಕ್ಕೆ ಬರುವುದೂ ತಡ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸಿಂಪಡಣೆ ಇಲ್ಲದ ಊರಿನ ಹುಡುಗರನ್ನೂ ನೋಡಿದ್ದರಿಂದಲೇ ಆ ಮಾತಿಗೆ ತೂಕ ಬಂತು.

ಮಳೆಗಾಲ, ಕರೆಂಟು ಹೋಗಿಬಂದು ಇಲಿಗಳ ಕೋಣೆಯ ಲೈಟಿನ ಟೈಮರ್ ಕೆಟ್ಟು ಚಕ್ರ ತಪ್ಪಿರಬೇಕು ಎಂದುಕೊಂಡೆ. ಹಿರಿಯ ಟೆಕ್ನಿಷಿಯನ್ ಅಕ್ಕ ಸ್ಲೈಡ್ ನೋಡಿ ಒಪ್ಪಲಿಲ್ಲ. "ರಾತ್ರಿಯೂ ಲೈಟು ಉರಿದಿದ್ದರೆ ದಿನಾ ಅವಲಕ್ಕಿ ಕಾಣ್ಬೇಕಿತ್ತು. ನೀನು ಡ್ರಾಪರ್ ಎಷ್ಟು ಒಳಗೆ ಹಾಕ್ತೀ ಮಾರಾಯ್ತಿ? ತೋರಿಸು."

ತೋರಿಸಿದೆ. ತುದಿ ಗರ್ಭಕೊರಳಿಗೆ ತಾಗುತ್ತಿತ್ತು.

ಅಲ್ಲಿ ಒತ್ತು ಬಿದ್ದರೆ ಇಲಿಯ ಮೈ ಕೂಡುವಿಕೆ ಆಯಿತೆಂದೇ ತಿಳಿಯುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ದಿನಕ್ಕೆ ಎರಡು ಸಲ ಉಕ್ಕುತ್ತದೆ. ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಎರಡು ಮೂರು ದಿನಕ್ಕೆ ಸೊರಗಬೇಕಾದದ್ದು ಸೊರಗುವುದಿಲ್ಲ, ಬಸಿರು ಕಾಯುವ ಹಾರ್ಮೋನು ಪ್ರೊಜೆಸ್ಟೆರಾನನ್ನು ಸುರಿಸುತ್ತಲೇ ಇರುತ್ತದೆ. ಮರಿ ಇಲ್ಲದ ಬಸಿರು. ಸುಮಾರು 12ರಿಂದ 14 ದಿನ ಚಕ್ರ ನಿಂತೇಬಿಡುತ್ತದೆ. ಎಣ್ಣೆಯದ್ದೂ ತಪ್ಪಲ್ಲ, ಲೈಟಿನದ್ದೂ ಅಲ್ಲ, ನನ್ನ ಕೈಯದ್ದು.

ಆ ಇಲಿಗಳನ್ನು ಮುಟ್ಟದೆ ಬಿಟ್ಟೆವು. ಹದಿಮೂರನೇ ದಿನ ಅಕ್ಕನೇ ಸ್ಲೈಡ್ ಮಾಡಿದರು. ಒಂದರಲ್ಲಿ ದುಂಡು ಗೊಂಚಲು ಕಂಡಾಗ ಕಣ್ಣು ತುಂಬಿತು. ಮೂರನ್ನೂ ಲೆಕ್ಕದಿಂದ ಬಿಟ್ಟೆವು, ಯಾಕೆಂದು ರಿಜಿಸ್ಟರಿನಲ್ಲಿ ನಾನೇ ಬರೆದೆ. ಹೊಸ ಇಲಿಗಳನ್ನು ತರಿಸಿ, ಎರಡು ಚಕ್ರ ಸರಿಯಾಗಿ ತಿರುಗಿದ ಮೇಲಷ್ಟೇ ಗುಂಪಿಗೆ ಸೇರಿಸಿದೆವು.

ಈಗ ಹೊಸಬರು ಬಂದರೆ ಮೊದಲು ಇಲಿ ಹಿಡಿದುಕೊಳ್ಳುವುದನ್ನು ಕಲಿಸುತ್ತೇನೆ. ಹೆದರಿದ ಇಲಿ ಒದ್ದಾಡಿದರೆ ತುದಿ ಒಳಗೆ ಜಾರುತ್ತದೆ, ಅಲ್ವಾ? ವಾರವಿಡೀ ಸುಮ್ನೆ ಅಂಗೈಯಲ್ಲಿ ಇಟ್ಟುಕೊಳ್ಳಿ ಅಂತೇನೆ. ಡ್ರಾಪರ್ ಆಮೇಲೆ.