ಮೇಸ್ತ್ರಿ ಕೇಳಿದ ಚಿಪ್ಸ್

ಪೆರ್ಲದ ನಮ್ಮ ಹಳೇ ಮನೆಗೆ ಒಂದು ಕೋಣೆ ಸೇರಿಸುತ್ತಿದ್ದೆವು. ನಾನು ಕಾಸರಗೋಡು ಪೇಟೆಗೆ ಹೋಗಿದ್ದಾಗ ಮೇಸ್ತ್ರಿ ಮನೆಗೆ ಫೋನ್ ಮಾಡಿದ್ದಾರೆ. ಎತ್ತಿದ್ದು ಅಮ್ಮ.

"ಅಮ್ಮಾ, ನಾಳೆ ಬೆಳಿಗ್ಗೆ ಚಿಪ್ಸ್ ಬೇಕು. ಸ್ವಲ್ಪ ಜಾಸ್ತಿಯೇ ಇರಲಿ."

ಸಂಜೆ ನಾನು ಬರುವಾಗ ಅಂಗಳದವರೆಗೂ ತೆಂಗಿನೆಣ್ಣೆಯ ಪರಿಮಳ. ಒಲೆಯ ಮೇಲೆ ದೊಡ್ಡ ಬಾಣಲೆ. ಸಿಪ್ಪೆ ತೆಗೆದ ನೇಂದ್ರಕಾಯಿ ಅರಿಶಿನ ನೀರಲ್ಲಿ ಮುಳುಗಿತ್ತು. ಅಮ್ಮ ಅದನ್ನು ಎಣ್ಣೆಯ ಮೇಲೆಯೇ ಹಿಡಿದು ಹೆರೆಯುತ್ತಿದ್ದಳು, ಬಿಲ್ಲೆಗಳು ಒಂದಕ್ಕೊಂದು ಅಂಟದೆ ಬೀಳುತ್ತಿದ್ದವು. ಮೇಲಿಂದ ಒಂದು ಚಮಚ ಉಪ್ಪುನೀರು. ಎಣ್ಣೆ ಭುಸ್ಸೆಂದು ಕುದಿದು, ಆ ಸದ್ದು ಇಳಿದರೆ ಚಿಪ್ಸ್ ಆಯಿತು ಅಂತ ಲೆಕ್ಕ. ಕೆಲಸದವರು ಬಾಯಿಬಿಟ್ಟು ಕೇಳಿದ್ದಾರಲ್ಲ ಅಂತ ಅವಳಿಗೆ ಖುಷಿ.

ಅವರು ಕೇಳಿದ್ದು ಸನ್‌ಶೇಡಿನ ಕಾಂಕ್ರೀಟಿಗೆ 6 ಎಂಎಂ ಜಲ್ಲಿ! ಮರುದಿನ ಅರ್ಧ ದಿನದ ಕೆಲಸ ಹೋಯಿತು, ಡಬ್ಬವೂ ಖಾಲಿಯಾಯಿತು. ತಪ್ಪು ಅಮ್ಮನದಲ್ಲ ಬಿಡಿ, ಜಲ್ಲಿ ಅಂದಿದ್ದರೆ ಮುಗಿಯುತ್ತಿತ್ತು.

ರಾತ್ರಿ ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಬಿದ್ದು ಬಿದ್ದು ನಕ್ಕ. "ಮಾವ, ಇಲ್ಲಿ ಚಿಪ್ಸ್ ಕೇಳಿದರೆ ಬೆರಳುದ್ದದ ಬಿಸಿ ಆಲೂಗಡ್ಡೆ ಕೊಡ್ತಾರೆ. ನಮ್ಮ ಪ್ಯಾಕೆಟ್ ಚಿಪ್ಸಿಗೆ ಇವರು ಕ್ರಿಸ್ಪ್ಸ್ ಅಂತಾರೆ." ನಾವು ಮಾತಾಡುತ್ತಿದ್ದ ಫೋನಿನೊಳಗೂ ಚಿಪ್ಪೇ. 1958ರಲ್ಲಿ ಅಮೆರಿಕದ ಎಂಜಿನಿಯರ್ ಜ್ಯಾಕ್ ಕಿಲ್ಬಿ ಇಂಥ ಚಿಪ್ ಮೊದಲು ಮಾಡಿ ತೋರಿಸಿದ್ದು ಜರ್ಮೇನಿಯಂ ಚೂರಿನಲ್ಲಿ. ಈಗ ಸಿಲಿಕಾನನ್ನು ದಿಂಡಿನ ಹಾಗೆ ಬೆಳೆಸಿ, ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಥೇಟ್ ನೇಂದ್ರಕಾಯಿ, ಅಲ್ವಾ? ಅದರ ಮೇಲೆ ಸರ್ಕ್ಯೂಟ್ ಮೂಡಿಸಿ ಮತ್ತೆ ಚೂರು ಮಾಡಿದರೆ ಚಿಪ್.

ಕೊಡಲಿ ಏಟಿಗೆ ಮರದಿಂದ ಹಾರುವ ತುಂಡಿಗೂ ಇಂಗ್ಲಿಷಿನಲ್ಲಿ ಚಿಪ್ಪೇ. ಅದಕ್ಕೆ ನಮ್ಮಲ್ಲಿ ಚಕ್ಕೆ ಇದೆ. ಕಲ್ಲಿಂದ ಎದ್ದರೂ ಚಕ್ಕೆ, ಪಲಾವಿಗೆ ಹಾಕುವುದೂ ಚಕ್ಕೆ. ಇಷ್ಟು ಒಳ್ಳೇ ಪದ ಇರುವಾಗ ಗಲಿಬಿಲಿ ಯಾಕೆ ಅನಿಸಿ, ಬೆಳಿಗ್ಗೆ ಮೇಸ್ತ್ರಿಗೆ ಹೇಳಿಯೇಬಿಟ್ಟೆ: "ಇನ್ನು ಚಿಪ್ಸ್ ಅನ್ನಬೇಡಿ, ಕಲ್ಲಿನ ಚಕ್ಕೆ ಅನ್ನಿ."

ಅವರ ಮನೆಮಾತು ಮಲಯಾಳ ಅನ್ನೋದು ಮರೆತೇಹೋಗಿತ್ತು. ಚಕ್ಕ ಅಂದರೆ ಅವರಿಗೆ ಹಲಸು.

"ಚಕ್ಕಯಾ? ಅದರ ಚಿಪ್ಸ್ ಇನ್ನೂ ರುಚಿ ಅಣ್ಣಾ," ಅನ್ನುತ್ತಾ ಹಿತ್ತಿಲಿನ ಮರದ ಕಡೆ ನೋಡಿದರು.