ಆ ಹೊತ್ತಿನ ರೊಕ್ಕ ಯಾರು ಕೊಡ್ತಾರ್ರಿ?

ಮಾಳಮಡ್ಡಿಯಲ್ಲಿರುವ ನನ್ನ ಧ್ವನಿಮುದ್ರಣದ ಕೋಣೆಯಲ್ಲಿ ಕಳೆದ ಬುಧವಾರ ಹಿರಿಯ ಸಂಗೀತ ಶಿಕ್ಷಕರೊಬ್ಬರು ಕೇಳಿದ ಎರಡು ಪ್ರಶ್ನೆಗಳು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಅವರಿಗೆ ದೃಷ್ಟಿಯಿಲ್ಲ. ಬಾಲ್ಯದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತು, ಹಾವೇರಿ ಜಿಲ್ಲೆಯ ಶಾಲೆಯೊಂದರಲ್ಲಿ ಬಹುಕಾಲ ಮಕ್ಕಳಿಗೆ ಹಾಡು ಹೇಳಿಕೊಟ್ಟು ನಿವೃತ್ತರಾದವರು. ಅವರ ಕಂಠದಲ್ಲಿರುವ ಕೆಲವು ವಚನಗಳನ್ನು ಮುದ್ರಿಸಿ ಇಟ್ಟುಕೊಳ್ಳಬೇಕೆಂದು ಅವರ ಅಣ್ಣನ ಮಗ ಕರೆದುಕೊಂಡು ಬಂದಿದ್ದರು.

ಮಾಸ್ತರರು ತಮ್ಮ ಹಳೆಯ ತಂಬೂರಿಯನ್ನೇ ತಂದಿದ್ದರು. ಧಾರವಾಡದ ಮಳೆಗಾಲದ ತಂಪಿನಲ್ಲಿ ಆ ವಾದ್ಯ ಒಂದು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಪಂಚಮ ಕೂಡಿತೆನ್ನುವಷ್ಟರಲ್ಲಿ ನಡುವಿನ ಜೋಡಿಯ ತಂತಿ ಇಳಿಯುತ್ತಿತ್ತು, ಜೋಡಿಯನ್ನು ಸರಿಪಡಿಸಿದರೆ ಖರ್ಜ, ಅಂದರೆ ಕೆಳಗಿನ ‘ಸಾ’ ತಂತಿ, ಸರಿಯುತ್ತಿತ್ತು. ಅವರು ಬೇಸರವಿಲ್ಲದೆ ಬಿರಡೆ ತಿರುಗಿಸುತ್ತ, ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಸರಿಸುತ್ತ, ಕಿವಿಯನ್ನು ದಂಡಿಗೆ ಹತ್ತಿರ ಒಯ್ದು ಕೇಳುತ್ತ ಕುಳಿತರು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಕಡೆಗೆ ಅಣ್ಣನ ಮಗನಿಗೆ ಸಂಕೋಚವೆನಿಸಿರಬೇಕು.

“ಕಾಕಾ, ಮೊಬೈಲಿನ್ಯಾಗ ತಂಬೂರಿ ಐತಲ್ಲ, ಅದನ್ನ ಹಚ್ಚಿಬಿಡೂಣು. ಇವರ ಮೀಟರ್ ಓಡಾಕತ್ತೈತಿ” ಎಂದರು.

ಮಾಸ್ತರರ ಬೆರಳು ನಿಂತಿತು. ನಾನು ಕುಳಿತಿದ್ದ ಕಡೆಗೆ ಮುಖ ತಿರುಗಿಸಿ, “ನಾ ತಂಬೂರಿ ಶ್ರುತಿ ಮಾಡೋ ಹೊತ್ತಿಗೂ ರೊಕ್ಕ ಹಿಡೀತೀರೇನ್ರಿ?” ಎಂದು ಕೇಳಿದರು.

“ಇಲ್ರಿ ಮಾಸ್ತರ, ಹಾಡಿಗೆ ಇಷ್ಟು ಅಂತ ಮಾತಾಗೇತ್ರಿ. ನೀವು ಸಾವಕಾಶ ಮಾಡ್ರಿ.”

“ಹಂಗಾದ್ರ ನೀವು ಇಲ್ಲಿ ಕುಂತ ಹೊತ್ತಿನ ರೊಕ್ಕ ನಿಮಗ ಯಾರು ಕೊಡ್ತಾರ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಉತ್ತರಕ್ಕಾಗಿ ಕಾಯದೆ ಮತ್ತೆ ಬಿರಡೆಗೆ ಕೈಹಾಕಿದರು.

ಮೊದಲ ಪ್ರಶ್ನೆಯನ್ನು ಕೇಳಿದಾಗ ಅವರು ಖರ್ಚಿನ ಚಿಂತೆಯಲ್ಲಿದ್ದಾರೆಂದು ನಾನು ಭಾವಿಸಿದ್ದೆ. ಎರಡನೆಯದನ್ನು ಕೇಳಿದಾಗ, ಅವರು ನನ್ನ ಸಂಪಾದನೆಯನ್ನು ಕುರಿತು ಯೋಚಿಸುತ್ತಿದ್ದಾರೆಂದು ತಿಳಿಯಿತು. ತಾನು ತೆಗೆದುಕೊಳ್ಳುತ್ತಿರುವ ಹೊತ್ತು ಮತ್ತೊಬ್ಬನ ದುಡಿಮೆಯ ಹೊತ್ತು ಎಂಬುದು ಅವರಿಗೆ ಆ ಕ್ಷಣದಲ್ಲಿಯೇ ಹೊಳೆದಿತ್ತು, ಹಾಗೆಂದು ತಂಬೂರಿಯನ್ನು ಅರ್ಧಕ್ಕೆ ಬಿಡಲು ಅವರು ಸಿದ್ಧರಿರಲಿಲ್ಲ. ಈ ಎರಡೂ ಒಬ್ಬರಲ್ಲಿಯೇ ಇದ್ದದ್ದನ್ನು ನಾನು ಹೆಚ್ಚು ಕಂಡಿಲ್ಲ. ನನ್ನಲ್ಲಿಗೆ ಬರುವವರಲ್ಲಿ ಹೊತ್ತಿನ ಬೆಲೆ ಬಲ್ಲವರು ಕೆಲಸವನ್ನು ಮೊಟಕುಗೊಳಿಸುತ್ತಾರೆ. ಕೆಲಸದ ಬೆಲೆ ಬಲ್ಲವರು ನಮ್ಮ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಣ್ಣನ ಮಗನ ಬಗ್ಗೆಯೂ ಒಂದು ಮಾತು ಹೇಳಬೇಕು. ಅವಸರದ ಮನುಷ್ಯ, ಮುದ್ರಣ ನಡೆಯುವಾಗಲೂ ಎರಡು ಸಲ ಮೊಬೈಲ್ ಹಿಡಿದು ಹೊರಗೆ ಹೋಗಿಬಂದವರು. ಆದರೆ ಈ ಕಂಠವನ್ನು ಉಳಿಸಿಕೊಳ್ಳಬೇಕೆಂದು ಆ ಮನೆತನದಲ್ಲಿ ಯೋಚಿಸಿದವರು ಅವರೊಬ್ಬರೇ, ಮುಂಗಡವನ್ನು ಕೇಳುವ ಮೊದಲೇ ಕಳಿಸಿದವರೂ ಅವರೇ. ಮೊಬೈಲಿನ ತಂಬೂರಿಯನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮೂರಿನ ಎಷ್ಟೋ ವಿದ್ಯಾರ್ಥಿಗಳು ಅದನ್ನು ಹಚ್ಚಿಕೊಂಡೇ ಬೆಳಗಿನ ರಿಯಾಜು ಮಾಡುತ್ತಾರೆ. ಆದರೆ ಮಾಸ್ತರರು ಆ ಅರ್ಧ ಗಂಟೆಯಲ್ಲಿ ಮಾಡಿದ್ದು ತಂತಿ ಬಿಗಿಯುವ ಕೆಲಸವೊಂದೇ ಆಗಿರಲಿಲ್ಲ. ಮೈಕುಗಳನ್ನು ಹೊಂದಿಸಿದ ಮೇಲೆ ನಾನು ಮುದ್ರಣವನ್ನು ಚಾಲೂ ಇಟ್ಟಿದ್ದೆ, ಹೀಗಾಗಿ ತಂಬೂರಿ ಶ್ರುತಿಗೂಡಿದ ಆ ಅವಧಿಯೆಲ್ಲವೂ ನನ್ನ ಬಳಿ ಇದೆ. ರಾತ್ರಿ ಅದನ್ನು ಕೇಳಿದಾಗ ಮೊದಲ ವಚನದ ಮೊದಲ ಷಡ್ಜ, ಅಂದರೆ ಆಧಾರದ ‘ಸಾ’, ಹುಡುಕಾಟವಿಲ್ಲದೆ, ತಡವರಿಕೆಯಿಲ್ಲದೆ ತಂಬೂರಿಯ ನಾದದೊಳಗಿಂದಲೇ ಎದ್ದುಬಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ಹೊತ್ತಿಗಾಗಲೇ ಅವರ ಕಿವಿ ಅರ್ಧ ಗಂಟೆಯಿಂದ ಆ ಷಡ್ಜದಲ್ಲಿಯೇ ವಾಸವಾಗಿತ್ತು.

ಅಂದು ಹೊರಡುವ ಮುನ್ನ ಅಣ್ಣನ ಮಗ ಮತ್ತೊಂದು ಕೋರಿಕೆಯನ್ನಿಟ್ಟರು. ವಯಸ್ಸಾದ ಕಂಠ, ಅಲ್ಲಲ್ಲಿ ಸ್ವರ ಸರಿದಿರಬಹುದು, ಕಂಪ್ಯೂಟರಿನಲ್ಲಿ ಸ್ವಲ್ಪ ಸರಿಮಾಡಿಕೊಡಿ ಎಂದರು. ಸ್ವರ ತಿದ್ದುವ ತಂತ್ರಾಂಶಗಳು 1997ರಲ್ಲಿ ಆಟೊಟ್ಯೂನ್ ಬಂದಂದಿನಿಂದ ಬಳಕೆಯಲ್ಲಿವೆ. ಜಾತ್ರೆಯ ಹಾಡುಗಳಿಗೆ, ಕಿರುಚಿತ್ರಗಳಿಗೆ ನಾನೂ ಅವುಗಳನ್ನು ಬಳಸುತ್ತೇನೆ. ಆದರೆ ಸಾಮಾನ್ಯವಾಗಿ ಅವು ಒಂದು ಸಪ್ತಕದ 1200 ಸೆಂಟುಗಳನ್ನು (ಸೆಂಟು ಎಂದರೆ ಸ್ವರಗಳ ನಡುವಿನ ಅಂತರ ಅಳೆಯುವ ಮಾನ) ಹನ್ನೆರಡು ಸಮಭಾಗ ಮಾಡಿ, ಹಾಡುಗಾರನ ಪ್ರತಿ ಸ್ವರವನ್ನೂ ಹತ್ತಿರದ ಮನೆಗೆ ಎಳೆದು ಕೂರಿಸುತ್ತವೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ, ಅಂದರೆ ಸರಿಗಮದ ‘ಗ’, ‘ಸಾ’ದಿಂದ 400 ಸೆಂಟಿನಲ್ಲಿದೆ. ಚೆನ್ನಾಗಿ ಕೂಡಿದ ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386 ಸೆಂಟಿನಲ್ಲಿ ನಿಲ್ಲುತ್ತದೆ. ಮಾಸ್ತರರು ಹಾಡಿದ್ದು ಈ ಎರಡನೆಯ ಗಾಂಧಾರವನ್ನು. ಯಂತ್ರದ ಕಣ್ಣಿಗೆ ಅದು 14 ಸೆಂಟು ಇಳಿದ, ತಿದ್ದಬೇಕಾದ ಸ್ವರ. ತಿದ್ದಿದರೆ ಅದು ಅವರದೇ ತಂಬೂರಿಯೊಡನೆ ಕೂಡುವುದಿಲ್ಲ, ಮೀಂಡಿನಲ್ಲಿ ಜಾರುವ ಸ್ವರವೂ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿಯೂ ಈ ಮಾತುಗಳೇ ಇದ್ದವು: ಅದರ ಸ್ವರಗಳು ಕಟ್ಟಿಹಾಕಿದವು, ಅದರಲ್ಲಿ ಮೀಂಡು ಬಾರದು. ಆ ನಿಷೇಧ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಕಿವಿಯ ಆ ಎಚ್ಚರ ಸುಳ್ಳಾಗಿರಲಿಲ್ಲ. ಇದೆಲ್ಲವನ್ನೂ ಹೇಳುವ ಬದಲು ಒಂದೇ ಸಾಲನ್ನು ತಿದ್ದಿ ಕೇಳಿಸಿದೆ, ನಂತರ ತಿದ್ದದೆ ಬಿಟ್ಟದ್ದನ್ನು ಕೇಳಿಸಿದೆ. ಅಣ್ಣನ ಮಗ ಎರಡನೆಯದನ್ನೇ ಇರಿಸಿಕೊಳ್ಳಲು ಹೇಳಿದರು.

ಈ ವ್ಯತ್ಯಾಸವನ್ನು ಕೇಳುವುದಕ್ಕೂ ಹೊತ್ತು ಬೇಕು. ನಾನು ಯಾವುದೇ ಹಾಡನ್ನು ಮಿಕ್ಸಿಂಗಿಗೆ ತೆಗೆದುಕೊಳ್ಳುವ ಮೊದಲು ಪರದೆಯನ್ನು ಆರಿಸಿ, ಮೊಬೈಲನ್ನು ಮತ್ತೊಂದು ಕೋಣೆಯಲ್ಲಿಟ್ಟು, ಕೈಕಟ್ಟಿ ಕುಳಿತು ಆರಂಭದಿಂದ ಕೊನೆಯವರೆಗೆ ಒಮ್ಮೆ ಕೇಳುತ್ತೇನೆ. ಪರದೆ ಬೆಳಗುತ್ತಿದ್ದರೆ ಧ್ವನಿಯ ಅಲೆಗಳನ್ನು ಕಣ್ಣು ಮೊದಲೇ ಓದಿ ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸಿಬಿಡುತ್ತದೆ, ಕಿವಿ ಅದರ ಹಿಂದೆ ಓಡುತ್ತದೆ. ಸಣ್ಣ ಸದ್ದಿನಲ್ಲಿ ಕೆಲಸ ಮಾಡುತ್ತೇನೆ, ನಡುನಡುವೆ ಎದ್ದುಹೋಗಿ ಕಿವಿಗೆ ಬಿಡುವು ಕೊಡುತ್ತೇನೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದಾದರೆ 88ರಲ್ಲಿ 4 ಗಂಟೆ ಮಾತ್ರ ಎಂಬ ಲೆಕ್ಕವನ್ನು ಕಾರ್ಖಾನೆಗಳ ಕೆಲಸಗಾರರಿಗಾಗಿ ಮಾಡಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ದುಡಿಯುವವನಿಗೆ ಅದನ್ನು ನೆನಪಿಸುವ ಮೇಲಧಿಕಾರಿ ಇರುವುದಿಲ್ಲ. ಈ ಎಲ್ಲ ಹೊತ್ತೂ ನನ್ನ ಬಿಲ್ಲಿನಲ್ಲಿ ಇರಲಿಲ್ಲ. ಮುದ್ರಣಕ್ಕೆ ಇಷ್ಟು, ಮಿಕ್ಸಿಂಗಿಗೆ ಇಷ್ಟು, ಮಾಸ್ಟರಿಂಗಿಗೆ ಇಷ್ಟು ಎಂದು ಬರೆಯುತ್ತಿದ್ದೆ. ಕೇಳುವ ಕೆಲಸ ಇವೆಲ್ಲದರ ಬೇರು, ಅದಕ್ಕೊಂದು ಸಾಲು ಇರಲಿಲ್ಲ.

“ಇವತ್ತ ರಾತ್ರಿ ಬೇಕ್ರಿ ಸರ” ಎಂಬ ಸಂದೇಶ ನಮ್ಮ ವೃತ್ತಿಯಲ್ಲಿ ದಿನನಿತ್ಯದ್ದು. ಅದನ್ನು ಕಳಿಸುವವರು ಕೆಟ್ಟವರಲ್ಲ. ಜಾತ್ರೆಯ ದಿನ ಮುಂದೆ ಹೋಗುವುದಿಲ್ಲ, ಮದುವೆಯೂ ಹೋಗುವುದಿಲ್ಲ. ಆದರೆ ಬೆಲೆ ಇಳಿಸಿಕೊಂಡು ರಾತ್ರಿಯೇ ಮುಗಿಸಿಕೊಡುವವರು ಮೊದಲು ಬಿಡುವುದು ಕೇಳುವುದನ್ನೇ. ಹುಬ್ಬಳ್ಳಿಯಲ್ಲಿ ಒಳ್ಳೆಯ ಕಿವಿಯಿದ್ದ ಇಬ್ಬರು ಹುಡುಗರು ಹೀಗೆ ಎರಡೇ ವರ್ಷದಲ್ಲಿ ಸೋತು ಈ ಕೆಲಸವನ್ನೇ ಬಿಟ್ಟದ್ದನ್ನು ನೋಡಿದ್ದೇನೆ, ಆ ಸಂಕಟ ನನ್ನಲ್ಲಿ ಇನ್ನೂ ಇದೆ.

ಮಾಸ್ತರರ ಪ್ರಶ್ನೆಯನ್ನು ಮತ್ತೆ ಮತ್ತೆ ನೆನೆಯುತ್ತ, ಈ ನೆಲದಲ್ಲಿಯೇ ಅದಕ್ಕೆ ಉತ್ತರ ಕೊಟ್ಟವರಿದ್ದರಲ್ಲ ಎನಿಸಿತು. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧರಾದ, ಬಡವರಾದ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ವರ್ಷಗಟ್ಟಲೆ ಸಂಗೀತ ಕಲಿಸಿದರು. ಆ ಮಕ್ಕಳ ಹೊತ್ತಿನ ಬೆಲೆಯನ್ನು ಭಕ್ತರ ಜೋಳಿಗೆಯ ಜೋಳ ತೆತ್ತಿತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಆಕಾಶವಾಣಿಯ ನಿಲಯ ಕಲಾವಿದರಲ್ಲಿ ತಂಬೂರಿ ನುಡಿಸುವವರೂ ಇರುತ್ತಿದ್ದರು. ಶ್ರುತಿ ಹಿಡಿದು ಕೂರುವುದು ತಿಂಗಳ ಸಂಬಳಕ್ಕೆ ಅರ್ಹವಾದ ದುಡಿಮೆಯೆಂದು ಸರಕಾರವೇ ಒಪ್ಪಿತ್ತು. ಇಂದು ಆ ಭಾರವೆಲ್ಲ ಒಂಟಿಯಾಗಿ ದುಡಿಯುವ ನನ್ನಂಥವರ ಮೇಲೆ ಬಂದಿದೆ. ಅದನ್ನು ಹೊರುವುದಕ್ಕೆ ನಮ್ಮ ಮನೆಯವರು ತಮ್ಮ ಪಾಲಿನ ಹೊತ್ತನ್ನು ಕೊಡುತ್ತಿದ್ದಾರೆ. ಮಾಸ್ತರರಿಗೆ ನಾನು ಹೇಳಬೇಕಾಗಿದ್ದ ಉತ್ತರ ಬಹುಶಃ ಇದೇ: ಆ ರೊಕ್ಕವನ್ನು ನನ್ನ ಹೆಂಡತಿ ಕೊಡುತ್ತಾಳೆ. ಅವಳ ನೌಕರಿಯ ಸಂಬಳ ತಿಂಗಳ ಬಾಡಿಗೆಯನ್ನು ತುಂಬುವುದರಿಂದಲೇ ನಾನು “ಸಾವಕಾಶ ಮಾಡ್ರಿ” ಎಂದು ಹೇಳಬಲ್ಲವನಾಗಿದ್ದೇನೆ. ಅವಳಿಗೆ ಇದನ್ನು ಹೇಳಿದಾಗ, “ಹಂಗಾರ ಬಿಲ್ಲಿನ್ಯಾಗ ಬರೀರಿ, ಅದಕ್ಯಾಕ ನಾಚಿಕಿ?” ಎಂದಳು.

ಶುಕ್ರವಾರ ಹುಬ್ಬಳ್ಳಿಯ ನಾಟಕ ತಂಡವೊಂದಕ್ಕೆ ದರಪಟ್ಟಿ ಕಳಿಸಬೇಕಾಗಿತ್ತು. ಮುದ್ರಣದ ಸಾಲಿಗಿಂತ ಮೇಲೆ “ಶ್ರುತಿ ಹಾಗೂ ಆಲಿಕೆ: ಅರ್ಧ ದಿನ” ಎಂದು ಬರೆದು ಅದರ ಮುಂದೆ ಮೊತ್ತವನ್ನೂ ಬರೆದೆ. ತಂಡದ ವ್ಯವಸ್ಥಾಪಕರು ಫೋನ್ ಮಾಡಿ ಇದೇನೆಂದು ಕೇಳಿದರು. ವಿವರಿಸಿದೆ. ಈ ಸಾಲನ್ನು ತೆಗೆದರೆ ಕೂಡಲೇ ಒಪ್ಪುತ್ತೇವೆ ಎಂದರು. ಮೊತ್ತದಲ್ಲಿ ಚೌಕಾಸಿ ಮಾಡಬಹುದು, ಸಾಲನ್ನು ತೆಗೆಯಲಾಗದು ಎಂದು ಹೇಳಿದ್ದೇನೆ. ಸೋಮವಾರ ತಿಳಿಸುತ್ತಾರಂತೆ.