ಎಳ್ಳ ಅಮಾವಾಸ್ಯೆಯ ಬುತ್ತಿಯಲ್ಲಿ ಆಫ್ರಿಕ

ಎಳ್ಳ ಅಮಾವಾಸ್ಯೆಯ ದಿನ ಮಾನ್ವಿ ಕಡೆಯ ನಮ್ಮ ಎರೆಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಅವ್ವ ಕಟ್ಟುವ ಬುತ್ತಿ ವರ್ಷ ವರ್ಷಕ್ಕೂ ಬದಲಾಗುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಪುಂಡಿ ಪಲ್ಯ, ಅಲಸಂದಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬದುವಿನ ಮೇಲೆ ಕಂಬಳಿ ಹಾಸಿ ಕುಳಿತು ಉಣ್ಣುವ ಈ ಊಟವನ್ನು ಅಪ್ಪಟ ನಮ್ಮ ಸೀಮೆಯ ಊಟವೆಂದೇ ನಾನು ಬಹುಕಾಲ ನಂಬಿದ್ದೆ; ಈಗಲೂ ಹಾಗೆಯೇ ನಂಬುತ್ತೇನೆ. ಆದರೆ ಆ ಬುತ್ತಿಯಲ್ಲಿರುವ ಸಜ್ಜೆ, ಜೋಳ, ಅಲಸಂದಿ, ಪುಂಡಿ ಇವೆಲ್ಲವುಗಳ ತವರು ಆಫ್ರಿಕ ಎಂಬುದನ್ನು ತಿಳಿದ ಮೇಲೆ ನಾನು ಓದಿಕೊಂಡು ಬಂದ ಇತಿಹಾಸವನ್ನೇ ಮತ್ತೊಮ್ಮೆ ತಿರುವಿ ನೋಡಬೇಕಾಯಿತು.

ಜೋಳವನ್ನು ಮೊದಲು ಪಳಗಿಸಿದವರು ಈಗಿನ ಸುಡಾನಿನ ಪೂರ್ವ ಭಾಗದ ರೈತರು. ಅಲ್ಲಿನ ಕಸ್ಸಾಲಾ ಪಟ್ಟಣದ ಸುತ್ತಲಿನ ಬಯಲಿನಲ್ಲಿ ಸಿಕ್ಕ, ಸುಮಾರು 5000 ವರ್ಷಗಳಷ್ಟು ಹಳೆಯ ಮಡಕೆಯ ಚೂರುಗಳಲ್ಲಿ, ಹಸಿ ಮಣ್ಣಿನೊಡನೆ ಬೆರೆತುಹೋದ ಜೋಳದ ಕಾಳು ಮತ್ತು ಹೊಟ್ಟಿನ ಅಚ್ಚುಗಳು ಹಾಗೆಯೇ ಉಳಿದಿವೆ. ಸಜ್ಜೆ ಅದಕ್ಕಿಂತ ಪಶ್ಚಿಮಕ್ಕೆ, ಮಾಲಿ ದೇಶದ ಕಡೆ, ಮರಳುಗಾಡಿನ ಅಂಚಿನಲ್ಲಿ ಪಳಗಿತು. ಅಲಸಂದಿಯೂ ಪಶ್ಚಿಮ ಆಫ್ರಿಕದ್ದು; ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡಿನದು. ಬಳ್ಳಾರಿಯ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಬೆಳೆದುಕೊಂಡಿದ್ದ ಹುರುಳಿ, ಹೆಸರು, ಕೊರಲೆ ಈ ನೆಲದವೇ ಆಗಿದ್ದವು. ಕ್ರಿ.ಪೂ. 2ನೇ ಸಹಸ್ರಮಾನದಲ್ಲಿ ಅವುಗಳ ಪಕ್ಕಕ್ಕೆ ಆಫ್ರಿಕದ ಬೆಳೆಗಳು ಬಂದು ನಿಂತವು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಸುಟ್ಟು ಕರಿಕಾಗಿ ಉಳಿದ ಸಜ್ಜೆ ಕಾಳುಗಳು ಅದಕ್ಕೆ ಸಾಕ್ಷಿಯಾಗಿವೆ. ಯಾವ ದೊರೆಯ ಆಜ್ಞೆಯೂ ಇಲ್ಲದೆ, ಯಾವ ದಂಡೂ ಬೆನ್ನಿಗಿಲ್ಲದೆ, ಕೈಯಿಂದ ಕೈಗೆ ದಾಟುತ್ತ, ಕಡಲು ಹಾಯ್ದು ಬಂದ ಬೀಜಗಳಿವು. ಈ ಬುತ್ತಿಯಲ್ಲಿ ಸಜ್ಜೆ ರೊಟ್ಟಿಯ ಮೇಲೆ ಅವ್ವ ಒತ್ತಿದ ಎಳ್ಳು ಮಾತ್ರ ನಮ್ಮ ಉಪಖಂಡದಲ್ಲೇ ಪಳಗಿದ ಬೆಳೆ.

ಇಂಥ ನೆಲವನ್ನು ನಮಗೆ ಶಾಲೆಯಲ್ಲಿ ಪರಿಚಯಿಸಿದ್ದು ‘ಕಗ್ಗತ್ತಲೆಯ ಖಂಡ’ ಎಂಬ ಎರವಲು ಹೆಸರಿನಿಂದ. ಆ ಹೆಸರು ಯುರೋಪಿನ ಪ್ರವಾಸಿಗಳದು. ಅದನ್ನು ಕನ್ನಡಕ್ಕೆ ತಂದುಕೊಂಡ ನಾವು, ಅದರ ಹಿಂದಿದ್ದ ಕಣ್ಣನ್ನೂ ತಂದುಕೊಂಡೆವು. 1963ರಷ್ಟು ಈಚೆಗೆ ಕೂಡ ಆಕ್ಸ್‌ಫರ್ಡಿನ ಇತಿಹಾಸ ಪ್ರಾಧ್ಯಾಪಕ ಹ್ಯೂ ಟ್ರೆವರ್-ರೋಪರ್, ಆಫ್ರಿಕದಲ್ಲಿ ಇರುವುದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದು ಬರೀ ಕತ್ತಲೆ ಎಂಬರ್ಥದ ಮಾತನ್ನಾಡಿದ್ದರು. ನಮ್ಮ ಪಕ್ಕದ ಆದವಾನಿಯನ್ನೇ ನೋಡಿದರೂ ಆ ಮಾತು ನಿಲ್ಲುವುದಿಲ್ಲ. 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಆ ಊರನ್ನು 17ನೇ ಶತಮಾನದಲ್ಲಿ ಆಳಿ, ಅಲ್ಲಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಆಫ್ರಿಕ ಮೂಲದ ಆತ ವಿಜಾಪುರದ ಆದಿಲಶಾಹಿ ರಾಜ್ಯದ ಆಡಳಿತವನ್ನೂ ಕೆಲಕಾಲ ತನ್ನ ಕೈಯಲ್ಲಿ ಹಿಡಿದಿದ್ದ.

ಈಗ ನಮ್ಮ ಹೊಲದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿರುವುದು ಹತ್ತಿ. ಆದ್ದರಿಂದಲೇ ಇರಬೇಕು, ವಸಾಹತುಶಾಹಿಯ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಟಾಂಜಾನಿಯದ ಮಾಜಿ ಮಾಜಿ ದಂಗೆಯ ಹತ್ತಿರವೇ ಹೋಗಿ ನಿಲ್ಲುತ್ತದೆ. ಆಗ ಆ ದೇಶ ಜರ್ಮನರ ವಶದಲ್ಲಿದ್ದು, ಗುಡಿಸಲಿಗೊಂದು ತೆರಿಗೆ ವಿಧಿಸಲಾಗಿತ್ತು. ಪ್ರತಿ ಹಳ್ಳಿಯೂ ಸರ್ಕಾರಕ್ಕಾಗಿ ಒಂದು ಹತ್ತಿ ಹೊಲ ಮಾಡಬೇಕೆಂದು ಕಟ್ಟಪ್ಪಣೆಯಾಯಿತು. ತಮ್ಮ ಹೊಲದಲ್ಲಿ ಬಿತ್ತನೆ, ಕಳೆ, ಹಕ್ಕಿ ಕಾಯುವ ಕೆಲಸ ಬಿದ್ದಿರುವ ಹೊತ್ತಿಗೇ ಜನರನ್ನು ಚಾಟಿಯ ಭಯದಲ್ಲಿ ಹತ್ತಿಯ ಹೊಲಕ್ಕೆ ಅಟ್ಟಲಾಗುತ್ತಿತ್ತು. ಹದ ಮೀರಿದರೆ ಭೂಮಿ ಕಾಯುವುದಿಲ್ಲ ಎಂಬುದನ್ನು ಬಲ್ಲ ಯಾವ ರೈತನಿಗೂ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1905ರ ಜುಲೈ ಕೊನೆಯಲ್ಲಿ ಮತುಂಬಿ ಗುಡ್ಡಸೀಮೆಯ ನಂದೆತೆ ಎಂಬಲ್ಲಿ ಜನ ಬಂದೂಕು ಹಿಡಿಯುವ ಮೊದಲು ಮಾಡಿದ ಕೆಲಸವೆಂದರೆ ಆ ಹೊಲಕ್ಕೆ ಇಳಿದು ಹತ್ತಿಯ ಗಿಡಗಳನ್ನು ಬೇರುಸಹಿತ ಕಿತ್ತದ್ದು. ‘ಮಾಜಿ’ ಎಂದರೆ ಸ್ವಾಹಿಲಿಯಲ್ಲಿ ನೀರು. ಕಿಂಜಿಕಿಟಿಲೆ ಎಂಬಾತ ಹಂಚಿದ ಆ ಮಂತ್ರಜಲದಲ್ಲಿ ಹರಳೆಣ್ಣೆಯನ್ನೂ ಕಿರುಧಾನ್ಯದ ಕಾಳುಗಳನ್ನೂ ಬೆರೆಸುತ್ತಿದ್ದರು. ಹೇರಿದ ಬೆಳೆಯ ವಿರುದ್ಧ ಅವರು ಮೈಗೆ ಹಚ್ಚಿಕೊಂಡದ್ದು ತಮ್ಮದೇ ಬೆಳೆಯನ್ನು ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ನೀರು ಗುಂಡನ್ನು ತಡೆಯಲಿಲ್ಲ. ಕಣಜಗಳನ್ನೂ ಬೆಳೆದು ನಿಂತ ಪೈರನ್ನೂ ಜರ್ಮನ್ ಪಡೆಗಳು ಸುಟ್ಟದ್ದರಿಂದ ಬಿದ್ದ ಬರದಲ್ಲಿ ಸತ್ತವರೇ ಹೆಚ್ಚು. ಒಟ್ಟು ಸಾವನ್ನು 75,000ದಿಂದ 3,00,000ದವರೆಗೆ ಅಂದಾಜಿಸುತ್ತಾರೆ.

ಆಳುವವರ ಕಡತಗಳಲ್ಲಿ ಇದು ಮೂಢನಂಬಿಕೆಯ ಕಾಡುಜನರ ಹುಚ್ಚಾಟವಾಗಿತ್ತು. 1968ರ ಸುಮಾರಿಗೆ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದವರು ಹಳ್ಳಿಹಳ್ಳಿಗೆ ಹೋಗಿ ಬದುಕುಳಿದಿದ್ದ ಮುದುಕರ ಮಾತುಗಳನ್ನು ಬರೆದುಕೊಂಡಾಗಲೇ ಚಾಟಿ, ತೆರಿಗೆ, ಹತ್ತಿ ಎಂಬ ನಿಜವಾದ ಕಾರಣಗಳು ಅವರ ಬಾಯಿಂದಲೇ ದಾಖಲಾದವು. ನಮ್ಮಲ್ಲಿಯೂ ಹೀಗೆಯೇ ನಡೆದಿದೆ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಬೇಡರು ಬ್ರಿಟಿಷರ ಕಾಗದದಲ್ಲಿ ಪುಂಡರು. ಲಾವಣಿಯಲ್ಲಿ ಅವರು ಮರ್ಯಾದೆಗಾಗಿ ಕಾದಿದ ಮನೆಯ ಮಕ್ಕಳು. ಮರುವರ್ಷ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನನ್ನೂ ಈ ಭಾಗದ ಜನ ಮರೆತಿಲ್ಲ. 2023ರ ನವೆಂಬರಿನಲ್ಲಿ ಜರ್ಮನಿಯ ಅಧ್ಯಕ್ಷರು ಟಾಂಜಾನಿಯದ ಸೊಂಗೆಯಾ ಪಟ್ಟಣಕ್ಕೆ ಹೋಗಿ ಕ್ಷಮೆ ಕೇಳಿದರು. 1906ರಲ್ಲಿ ಗಲ್ಲಿಗೇರಿಸಲಾದ ಅಲ್ಲಿನ ನಾಯಕ ಸೊಂಗೆಯಾ ಎಂಬಾನೋನ ತಲೆಬುರುಡೆಗಾಗಿ ಅವನ ವಂಶದವರು ಇನ್ನೂ ಹುಡುಕುತ್ತಿದ್ದ ಹೊತ್ತು ಅದು.

ಹತ್ತಿಯ ಬೀಜವನ್ನು ನಾವು ಈಗ ಪ್ರತಿ ವರ್ಷ ಅಂಗಡಿಯಿಂದ ಪೊಟ್ಟಣದಲ್ಲಿ ಕೊಂಡು ತರುತ್ತೇವೆ. ಜೋಳದ ಬೀಜ ಮಾತ್ರ ಮನೆಯದೇ. ಸುಗ್ಗಿಯಲ್ಲಿ ಗೂಡು ಒಟ್ಟುವ ಮೊದಲು ಅವ್ವ ಸಾಲಿನಲ್ಲಿ ನಡೆಯುತ್ತ ಒಂದೊಂದು ತೆನೆಯನ್ನೂ ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕಾಳನ್ನು ಒತ್ತಿ ನೋಡಿ, ಬೇಡವಾದುದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾಳೆ. “ಬೀಜದ ತೆನಿ ಕಣ್ಣಿಲೆ ನೋಡಿದ್ರ ತಿಳಿಯಂಗಿಲ್ಲಪ್ಪ, ಕೈಲೆ ಹಿಡದ್ರ ತಿಳೀತೈತಿ” ಎನ್ನುತ್ತಾಳೆ. ಆರಿಸಿದ ತೆನೆಗಳನ್ನು ಸಣಬಿನ ಹುರಿಯಿಂದ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದ್ದೇವೆ. ಒಲೆಯ ಹೊಗೆಗೆ ಅವು ಈಗಾಗಲೇ ಕಂದು ಬಣ್ಣಕ್ಕೆ ತಿರುಗಿವೆ.